ಮನೆಯಳಿಯನ ಕಾಲ್ಬೆರಳು

ನಮ್ಮ ಕಡೆ ಗಂಡಸು ಮದುವೆಯಾದರೆ ಹೆಂಡತಿಯ ಮನೆಗೆ ಹೋಗುತ್ತಾನೆ. ಹೋಗಿ ಗುಡಿಸಲು ಕಟ್ಟುತ್ತಾನೆ, ಬಾವಿ ತೋಡುತ್ತಾನೆ, ಅತ್ತೆ ಬೈದರೆ ಬೈಸಿಕೊಳ್ಳುತ್ತಾನೆ. ಮಕ್ಕಳು ಹುಟ್ಟಿದರೆ ಅವು ಹೆಂಡತಿಯ ನಿಹಿಮೊಗೆ, ಅಂದರೆ ಅವಳ ತಾಯಿಯ ಕುಲಕ್ಕೆ ಸೇರಿದವು. ಹೆಸರಿಡುವುದು, ಗದರುವುದು, ಮುಂದೆ ಮದುವೆ ಮಾಡಿಸುವುದು ಎಲ್ಲಾ ಸೋದರಮಾವನ ಯಜಮಾನಿಕೆ. ಅಪ್ಪ ಅನ್ನಿಸಿಕೊಂಡವನು ನೆಂಟನ ಹಾಗೆ ಇದ್ದರೆ ಸರಿ. ಮೇಲೆ ಬಿದ್ದು ಮಾತಾಡಿದರೆ ಅವನ ಚಾಪೆ ಸುತ್ತಿ ಹೊಸ್ತಿಲಾಚೆ ಇಡುತ್ತಾರೆ, ಸಂಬಂಧ ಮುಗಿಯಿತು. ಇದರಲ್ಲಿ ನನಗೆ ಯಾವ ತಕರಾರೂ ಇರಲಿಲ್ಲ. ನನ್ನಪ್ಪ ಹಾಗೇ ಬದುಕಿದ, ನಾನೂ ಹಾಗೇ ಬದುಕುತ್ತಿದ್ದೆ.

ನನ್ನ ಹೆಸರು ಅಮಿಸ್ಸಿ. ಹಾಯಿದೋಣಿಗಳ ಹಲಗೆಸಂದಿಗೆ ಹತ್ತಿ ತುರುಕಿ ಮೇಲೆ ಶಾರ್ಕ್ ಮೀನಿನೆಣ್ಣೆ ಬಳಿಯುವುದು ನನ್ನ ಕೆಲಸ. ಹತ್ತಿರ ಬಂದರೆ ವಾಸನೆ ಹೊಡೆಯುತ್ತೇನೆ ಅಂತ ಅತ್ತೆ ಮರಿಯಾಮು ನನ್ನನ್ನು ಅಂಗಳದ ಆ ಕೊನೆಯಲ್ಲೇ ಊಟಕ್ಕೆ ಕೂರಿಸುತ್ತಿದ್ದಳು. ಮೂಗಿನ ಎರಡೂ ಪಕ್ಕ ಸಾಸಿವೆ ಸಿಡಿದಂತೆ ಗುಳ್ಳೆಗಳಿರುವ ನನ್ನ ಮುಖದ ಮೇಲೂ ಅವಳಿಗೆ ಸಿಟ್ಟು. "ಇಷ್ಟು ಚಂದದ ಹುಡುಗಿಗೆ ಇಂಥಾ ಮುಖ ಹುಡ್ಕಿ ತಂದ್ವಲ್ಲಪ್ಪಾ" ಅಂತ ನನಗೆ ಕೇಳುವ ಹಾಗೇ ಹೇಳುವಳು. ಹೆಂಡತಿ ಅತಿಜಾ ಮಾತ್ರ ಆ ಗುಳ್ಳೆಗಳ ಬಗ್ಗೆ ಒಂದು ದಿನವೂ ಮಾತೆತ್ತಿದವಳಲ್ಲ.

ನಮ್ಮ ಮಗಳು ಅಂಶಿಯಾ. ಹುಟ್ಟಿದಾಗಿನಿಂದ ನಗುವೇ ನಗು. ಅವಳಿಗೆ ಆರನೇ ತಿಂಗಳು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ನಿದ್ದೆಯಿಂದ ಎದ್ದವಳೇ ತಲೆ ಬಗ್ಗಿಸಿ ಎರಡೂ ಕೈ ಮುಂದಕ್ಕೆ ಚಾಚಿದಳು. ತುಸು ಹೊತ್ತು ಬಿಟ್ಟು ಮತ್ತೆ ಹಾಗೇ ಮಾಡಿದಳು, ಆಮೇಲೆ ಮತ್ತೊಮ್ಮೆ. ಅತ್ತೆ ಕಣ್ಣರಳಿಸಿ ಕೂಗಿದಳು: "ಬರ್ರೇ, ಬಂದ್ ನೋಡ್ರೇ! ನನ್ ಮೊಮ್ಮಗಳು ನಮಾಜ್ ಮಾಡ್ತಿದಾಳೆ!"

ಕೇರಿಯ ಹೆಂಗಸರೆಲ್ಲಾ ಬಂದು ಸುತ್ತ ಕೂತರು. ಮಗು ಬಾಗಿದಾಗೆಲ್ಲಾ "ಮಾಶಾಲ್ಲಾ" ಅಂದರು. ಮಸೀದಿಯ ಮುದುಕನೂ ಬಂದು ನೋಡಿ, ಇವಳು ದೊಡ್ಡ ಧರ್ಮಿಷ್ಠೆ ಆಗ್ತಾಳೆ ಅಂತ ಹೇಳಿ ಹೋದ. ನಾನೂ ದೋಣಿಕಟ್ಟೆಯಲ್ಲಿ ಕಂಡಕಂಡವರ ಹತ್ತಿರ ಕೊಚ್ಚಿಕೊಂಡೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅಂಶಿಯಾ ಬಾಗುವುದು, ನಾವು ಸುತ್ತ ಕೂತು ಹಿಗ್ಗುವುದು. ಎಂಥಾ ಮುಠ್ಠಾಳರು ನಾವು!

ಅವಳು ನಗುವುದನ್ನು ನಿಲ್ಲಿಸಿದ್ದನ್ನು ಮೊದಲು ಕಂಡವಳು ಅತಿಜಾ. "ಇವ್ಳು ನನ್ನ ನೋಡ್ತಿಲ್ಲ ಕಣ್ರೀ," ಅಂದಳು ಒಂದು ಸಂಜೆ. "ಕಣ್ಣು ನನ್ ಕಡೆ ಇದೆ, ಆದ್ರೆ ನೋಡ್ತಿಲ್ಲ." ಕೂರಲು ಕಲಿತಿದ್ದ ಮಗು ಈಗ ಒಂದು ಪಕ್ಕಕ್ಕೆ ವಾಲಿ ಬೀಳುತ್ತಿತ್ತು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಅತ್ತೆ ತಾಯಿತ ಕಟ್ಟಿಸಿದಳು, ಬೇರು ಅರೆದು ಕುಡಿಸಿದಳು. ಯಾವುದೂ ನಾಟಲಿಲ್ಲ. ಕೊನೆಗೆ ಅತಿಜಾಳ ಅಣ್ಣ ಸೆಲೆಮಾನೆ, ಮನೆಯ ಯಜಮಾನ, ನಗರದ ಆಸ್ಪತ್ರೆಗೆ ಹೋಗೋಣ ಅಂದ.

ಹೊರಟೆವು. ಸೆಲೆಮಾನೆ ಬಿಳಿ ಟೋಪಿ ಹಾಕಿ ಮುಂದೆ, ಅವನ ಹಿಂದೆ ಅತ್ತೆ, ಆಮೇಲೆ ಮಗು ಎತ್ತಿಕೊಂಡ ಅತಿಜಾ. ನಾನು ಚಾಪೆ, ಶಿಮಾ ಮುದ್ದೆಗೆ ಬೇಕಾದ ಮೆಕ್ಕೆಜೋಳದ ಹಿಟ್ಟು, ಪಾತ್ರೆಗಳ ಗಂಟು ಹೊತ್ತು ಕೊನೆಯಲ್ಲಿ. ಡಾಕ್ಟರ ಕೋಣೆಯ ಬಾಗಿಲಲ್ಲಿ ಸೆಲೆಮಾನೆ ನನ್ನತ್ತ ತಿರುಗಿ, "ನೀನ್ ಇಲ್ಲೇ ಇರಪ್ಪಾ, ಸಾಮಾನ್ ನೋಡ್ಕೋ" ಅಂದ. ಬೇಜಾರೇನೂ ಆಗಲಿಲ್ಲ. ಕುಲದ ಮಾತು ಕುಲದವರು ಆಡಬೇಕು. ನಾನು ಗಂಟು ಇಳಿಸಿ ಕಿಟಕಿಯ ಕೆಳಗೆ ಬೇವಿನ ಮರದ ನೆರಳಲ್ಲಿ ಕೂತೆ. ಕಿಟಕಿಗೆ ಬಾಗಿಲೇ ಇರಲಿಲ್ಲ, ಒಳಗಿನದೆಲ್ಲಾ ಸ್ಪಷ್ಟವಾಗಿ ಕೇಳುತ್ತಿತ್ತು.

ಡಾಕ್ಟರ್ ಎರ್ಸೀಲಿಯಾ ದೂರದ ದಕ್ಷಿಣದವಳು. ನಮ್ಮ ಭಾಷೆಯನ್ನು ಕಲ್ಲು ಅಗಿದಂತೆ ಮಾತಾಡುತ್ತಿದ್ದಳು, ಆದರೆ ಅರ್ಥವಾಗುವಂತೆ ಮಾತಾಡುತ್ತಿದ್ದಳು. ಮಗುವನ್ನು ನೋಡಿದಳು, ಬಾಗುವುದು ಹೇಗೆ ಅಂತ ಕೇಳಿದಳು. ಅತ್ತೆ ನಮಾಜಿನ ಕತೆ ಹೇಳಿದಳು.

"ಅಮ್ಮಾ, ಇದು ನಮಾಜಲ್ಲ," ಅಂದಳು ಡಾಕ್ಟರ್. "ಫಿಟ್ಸು. ಎಳೇ ಮಕ್ಕಳಿಗೆ ಬರೋ ಕೆಟ್ಟ ಫಿಟ್ಸು. ಬಂದ್ ಬಂದ ಹಾಗೆಲ್ಲಾ ಮಗು ಕಲ್ತಿದ್ದು ಮರೀತಾ ಹೋಗುತ್ತೆ. ಬೇಗ ನಿಲ್ಲಿಸ್ದೇ ಹೋದ್ರೆ ಮಾತು, ನಡಿಗೆ, ನಿಮ್ಮ ಗುರುತು ಯಾವ್ದೂ ಉಳಿಯಲ್ಲ."

ನಾವು ಸುತ್ತ ಕೂತು ಹಿಗ್ಗಿದ ಬೆಳಗುಗಳೆಲ್ಲಾ ಕಣ್ಣಿಗೆ ಬಂದವು.

ಡಾಕ್ಟರ್ ಕಿಟಕಿಗೆ ಬಟ್ಟೆ ಎಳೆದು, ಯಾವುದೋ ನೀಲಿ ದೀಪ ಹಚ್ಚಿ ಮಗುವಿನ ಮೈಯೆಲ್ಲಾ ನೋಡಿದ್ದು, ಎದ್ದು ಇಣುಕಿದ ನನಗೆ ಬಟ್ಟೆಯ ಸಂದಿಯಿಂದ ಕಂಡಿತು. ತೊಡೆಯ ಮೇಲೊಂದು, ಬೆನ್ನ ಮೇಲೊಂದು ಬಿಳಿ ಮಚ್ಚೆ ಇದ್ದದ್ದು ನಮಗೆ ಗೊತ್ತಿತ್ತು. ಬೇವಿನ ಎಲೆಯಷ್ಟುದ್ದ, ಅದೇ ಆಕಾರ. ಬಿಸಿಲಿಗೆ ಬಂದದ್ದು ಅಂದುಕೊಂಡಿದ್ದೆವು.

"ಒಂದು ಕಾಯಿಲೆ ಇದೆ," ಅಂದಳು ಅವಳು, ನಿಧಾನವಾಗಿ. "ಸಾವಿರಾರು ಮಕ್ಕಳಲ್ಲಿ ಒಂದಕ್ಕೆ. ನಾನು ಪುಸ್ತಕದಲ್ಲಿ ಓದಿದ್ದೇ ಜಾಸ್ತಿ, ಕಣ್ಣಾರೆ ಕಂಡಿದ್ದು ಒಂದೇ ಸಲ. ಮೈಯೊಳಗೆ ಅಲ್ಲಲ್ಲಿ ಗಂಟು ಬೆಳೆಯುತ್ತೆ. ಕ್ಯಾನ್ಸರ್ ಅಲ್ಲ, ಹರಡಿ ಕೊಲ್ಲೋ ಗಂಟಲ್ಲ. ಆದ್ರೆ ತಲೆಯೊಳಗೆ ಕೂತ್ರೆ ಈ ಥರ ಫಿಟ್ಸ್ ತರುತ್ತೆ. ಅದೇ ಕಾಯಿಲೆ ಅಂತಾದ್ರೆ ಅದಕ್ಕೇ ಅಂತ ಒಂದು ಔಷಧಿ ಇದೆ, ನನ್ನ ಹತ್ರ ಒಂದು ಮಗುವಿಗಾಗೋಷ್ಟು ಇದೆ. ಅದಲ್ಲ ಅಂದ್ರೆ ಬೇರೆ ಇಂಜೆಕ್ಷನ್ನು."

"ಹಾಗಾದ್ರೆ ಆ ಔಷಧೀನೇ ಕೊಟ್ಬಿಡಿ," ಅಂದ ಸೆಲೆಮಾನೆ.

"ಕಣ್ಣಿನ ದೃಷ್ಟಿ ತಿನ್ನೋ ಔಷಧಿ ಅದು. ಅಂದಾಜಿನ ಮೇಲೆ ಕೊಡಕ್ಕಾಗಲ್ಲ. ಎರಡು ಬಿಳಿ ಮಚ್ಚೆ ಗಟ್ಟಿಮುಟ್ಟಾದ ಮಗೂಗೂ ಇರುತ್ತೆ. ತಲೆಯೊಳಗಿನ ಚಿತ್ರ ತೆಗೆಯೋ ಮಿಷನ್ನು ಇಲ್ಲಿ ಕೆಟ್ಟು ಕೂತಿದೆ. ರಾಜಧಾನಿಗೆ ಕಳಿಸೋಷ್ಟರಲ್ಲಿ ತಡ ಆಗೋಗುತ್ತೆ." ಮತ್ತೆ ಹೇಳಿದಳು: "ಇದು ರಕ್ತದಲ್ಲಿ ಇಳಿದು ಬರೋ ಕಾಯಿಲೆ. ಹೆತ್ತವರಲ್ಲಿ ಒಬ್ರಿಗಿದ್ರೂ ಸಾಕು, ನನಗೆ ಅನುಮಾನವೇ ಉಳಿಯಲ್ಲ. ಇವತ್ತೇ ಶುರು ಮಾಡ್ತೀನಿ. ಮಗು ಯಾರದು?"

"ನಂದು," ಅಂದ ಸೆಲೆಮಾನೆ.

ಸುಳ್ಳೇನಲ್ಲ. ನಮ್ಮಲ್ಲಿ ಯಾರು ಕೇಳಿದರೂ ಅದೇ ಉತ್ತರ. ನಾನು ಒಳಗಿದ್ದಿದ್ದರೂ ಅವನ ಕಡೆಗೇ ಕೈ ತೋರಿಸುತ್ತಿದ್ದೆ.

"ಸರಿ, ನೀವಿಬ್ರೂ ಮುಂದೆ ಬನ್ನಿ. ತಾಯೀ, ಮುಖ ತೊಳ್ಕೊಂಡ್ ಬಾಮ್ಮಾ."

ಅತಿಜಾ ಮುಖಕ್ಕೆ ಮುಸೀರೊ ಹಚ್ಚಿದ್ದಳು. ನಮ್ಮ ಹೆಂಗಸರು ಬೇರು ತೇಯ್ದು ಹಚ್ಚಿಕೊಳ್ಳುವ ಬಿಳಿ ಲೇಪ. ಅದಿಲ್ಲದೆ ಅವಳು ಪರಊರಿಗೆ ಕಾಲಿಡುವವಳಲ್ಲ. ಅತ್ತೆಗೆ ರೇಗಿತು. "ಮುಖ ಯಾಕ್ ತೊಳೀಬೇಕು? ನನ್ ಮಗಳ ಮುಖದಲ್ಲಿ ಏನ್ ಕೊಳೆ ಮೆತ್ಕೊಂಡಿದೆ?"

"ಲೇಪದ ಕೆಳಗೆ ಗುಳ್ಳೆ ಇದ್ಯಾ ನೋಡ್ಬೇಕು. ಈ ಕಾಯಿಲೆಯವರಿಗೆ ಮೂಗಿನ ಅಕ್ಕಪಕ್ಕ ಸಣ್ಣ ಸಣ್ಣ ಗುಳ್ಳೆ ಇರುತ್ತೆ."

ನೀರು ಸುರಿಯುವ ಸದ್ದು. ಆಮೇಲೆ ಡಾಕ್ಟರ ಧ್ವನಿ: "ಏನೂ ಇಲ್ಲ." ಸೆಲೆಮಾನೆಯ ಅಂಗಿ ತೆಗೆಸಿ ದೀಪ ಹಿಡಿದಳು. ಅಲ್ಲೂ ಏನೂ ಇಲ್ಲ.

"ಕೈ ಕಾಲಿನ ಉಗುರು ತೋರಿಸಿ. ಉಗುರಿನ ಬುಡದಲ್ಲಿ ಮಾಂಸದ ಮೊಳಕೆ ಥರ ಏನಾದ್ರೂ ಬೆಳೆದಿದ್ಯಾ?"

"ಥೂ, ನಮ್ಮ ಕುಲದಲ್ಲಿ ಅಂಥದ್ದೆಲ್ಲಾ ಇಲ್ಲ," ಅಂದಳು ಅತ್ತೆ. "ಏಳು ತಲೆಮಾರು ನಾನ್ ಹೇಳ್ತೀನಿ ಕೇಳಿ. ಒಬ್ಬಳಿಗೂ ಇರ್ಲಿಲ್ಲ."

ನಾನು ನನ್ನ ಕಾಲು ನೋಡಿಕೊಂಡೆ.

ಬಲಗಾಲಿನ ಹೆಬ್ಬೆರಳ ಉಗುರಿನ ಪಕ್ಕ ಒಂದು, ಕಿರುಬೆರಳಲ್ಲಿ ಒಂದು, ಎಡಗಾಲಲ್ಲಿ ಇನ್ನೊಂದು. ಅಕ್ಕಿಕಾಳಿನಂಥ ಮಾಂಸದ ಮೊಳಕೆ. ಮೀಸೆ ಮೂಡಿದಾಗಿನಿಂದ ಇವೆ. ಕೆಸರಲ್ಲಿ ನಿಂತು ಕೆಲಸ ಮಾಡಿದರೆ ಬರುತ್ತೆ ಅಂದುಕೊಂಡು, ಉದ್ದವಾದಾಗ ಹತ್ತಿ ಕೊಯ್ಯುವ ಚಾಕುವಿನಿಂದಲೇ ಸವರಿ ಹಾಕುತ್ತಿದ್ದೆ. ಮತ್ತೆ ಬೆಳೆಯುತ್ತಿದ್ದವು. ಕೈ ತಾನಾಗಿ ಮೂಗಿನ ಪಕ್ಕದ ಗುಳ್ಳೆಗಳ ಮೇಲೆ ಹೋಯಿತು.

ಮೊದಲು ನನಗೆ ಬಂದದ್ದು ನಗು. ನನಗೂ ಆ ಮಗುವಿನ ರಕ್ತಕ್ಕೂ ಏನು ಸಂಬಂಧ? ನಾನು ಬೇರೆ ಕುಲದವನು, ಅದು ಬೇರೆ ಕುಲದ್ದು. ಆಮೇಲೆ ನನ್ನಪ್ಪನ ಮುಖ ಕಣ್ಣ ಮುಂದೆ ಬಂತು. ಇವೇ ಗುಳ್ಳೆಗಳು. ಅವನು ಕೊನೆಗೆ ಪಕ್ಕೆ ಹಿಡಿದುಕೊಂಡು, ಮೂತ್ರದಲ್ಲಿ ರಕ್ತ ಹೋಗಿ ಹೋಗಿ ಸತ್ತ. ಅವನ ಕಾಯಿಲೆ ಅವನ ತಾಯಿಯ ಕುಲದ್ದು, ನನಗದು ಅಂಟಲ್ಲ ಅಂತ ನನ್ನಮ್ಮ ಹೇಳಿದ್ದಳು. ನಾನು ನಂಬಿದ್ದೆ. ಆದರೆ ಅವನ ಮುಖ ನನ್ನ ಮುಖಕ್ಕೆ ಬಂದಿದೆಯಲ್ಲ, ಅದು ಎಲ್ಲಿಂದ ಬಂತು? ಇಷ್ಟು ವರ್ಷ ಇದೊಂದು ಪ್ರಶ್ನೆ ನನ್ನ ಮಂಡೆಗೆ ಹೊಳೆದಿರಲೇ ಇಲ್ಲ.

ನಗು ಅಲ್ಲೇ ಸತ್ತಿತು. ಎದ್ದು ನಿಂತೆ, ಕೂತೆ.

ಒಳಗೆ ಹೋಗಿ ಹೇಳಿದರೆ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ಶುದ್ಧ ಕುಲಕ್ಕೆ ಹೊಲಸು ತಂದವನು ಅಂತ ಅಂದೇ ಚಾಪೆ ಹೊರಗಿಡುತ್ತಾರೆ. ಅತಿಜಾ ನನ್ನ ಕೈತಪ್ಪುತ್ತಾಳೆ. ಅಂಶಿಯಾಳನ್ನು ದಾರಿಯಲ್ಲಿ ಕಂಡರೂ ಎತ್ತಿಕೊಳ್ಳುವ ಹಕ್ಕು ನನಗಿರುವುದಿಲ್ಲ. ಹೇಳದಿದ್ದರೆ? ರಾಜಧಾನಿಯ ಮಿಷನ್ನು ಹೇಗೂ ಹೇಳುತ್ತದಲ್ಲ, ನನ್ನ ಬಾಯಿ ಯಾಕೆ ಬೇಕು? ಹೀಗೂ ಯೋಚಿಸಿದೆ. ಅಲ್ಲಗಳೆಯುವುದಿಲ್ಲ. ಗಂಟು ಎತ್ತಿಕೊಂಡು ಗೇಟಿನ ಕಡೆ ನಾಲ್ಕು ಹೆಜ್ಜೆ ಹೋಗಿಯೂ ಬಿಟ್ಟೆ.

ಡಾಕ್ಟರ ಮಾತು ಹಿಂದಿನಿಂದ ಕೇಳಿತು: "ಹೆತ್ತವರಿಬ್ಬರಲ್ಲೂ ಏನೂ ಕಾಣ್ತಿಲ್ಲ. ಕಾಯೋದು ತಪ್ಪು. ಇಂಜೆಕ್ಷನ್ನೇ ಶುರು ಮಾಡೋಣ. ಫಲ ಕೊಟ್ರೆ ಪುಣ್ಯ."

ಅಷ್ಟರಲ್ಲಿ ಮಗು ನಿದ್ದೆಯಿಂದ ಎದ್ದಿರಬೇಕು. ಅತಿಜಾಳ ಸ್ವರ ಬಂತು. ಅವಳು ಅಳುತ್ತಿರಲಿಲ್ಲ, ಯಾರನ್ನೋ ಪರಿಚಯ ಮಾಡಿಕೊಳ್ಳುವವಳ ಹಾಗೆ ಮೆಲ್ಲಗೆ ಮಾತಾಡುತ್ತಿದ್ದಳು: "ಅಂಶಿಯಾ... ಇಲ್ನೋಡು ಚಿನ್ನಾ. ನಾನು. ನಾನ್ ಕಣೇ, ನಿಮ್ಮಮ್ಮ."

ನಾನು ಗಂಟು ಬಿಸಾಕಿ ಒಳಗೆ ನುಗ್ಗಿದೆ.

ಅಂಶಿಯಾ ಮಂಚದ ಮೇಲೆ ತಲೆ ಬಗ್ಗಿಸಿ ಕೈ ಚಾಚುತ್ತಿದ್ದಳು, ಮತ್ತೆ, ಮತ್ತೆ. ಡಾಕ್ಟರ್ ಸಿರಿಂಜ್ ಹಿಡಿದಿದ್ದಳು.

"ನಿಲ್ಸಿ," ಅಂದೆ. "ಇಂಜೆಕ್ಷನ್ ಬೇಡ. ನನ್ನ ಕಾಲ್ ನೋಡಿ."

"ಏಯ್, ನಿನಗೇನಾಯ್ತೋ?" ಸೆಲೆಮಾನೆ ಗದರಿದ. "ಹೊರಗ್ ನಡಿ!"

"ಯಾರಿವರು?" ಅಂದಳು ಡಾಕ್ಟರ್.

"ಹೊರಗಿನವ್ನು," ಅಂದಳು ಅತ್ತೆ. "ಸಾಮಾನ್ ಹೊರೋಕೆ ಬಂದವ್ನು. ಮನೆ ಅಳಿಯ."

ಡಾಕ್ಟರ್ ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಸಿರಿಂಜ್ ಕೆಳಗಿಟ್ಟಳು. "ಅಳಿಯ ಅಂದ್ರೆ? ಯಾರ ಗಂಡ?"

"ನನ್ನ ಗಂಡ," ಅಂದಳು ಅತಿಜಾ.

"ಮತ್ತೆ ಇವ್ರು?" ಅಂತ ಸೆಲೆಮಾನೆಯ ಕಡೆ ಬೆರಳು ಮಾಡಿದಳು.

"ನಮ್ಮಣ್ಣ."

"ಅಯ್ಯೋ ನನ್ ದೇವ್ರೇ!" ಡಾಕ್ಟರ್ ಹಣೆ ಬಡಿದುಕೊಂಡಳು. "ಮಗು ನಂದು ಅಂದ್ರಲ್ರೀ! ಇಷ್ಟೊತ್ತು ನಾನು ಸೋದರಮಾವನ ಉಗುರು ನೋಡ್ತಾ ಕೂತಿದ್ನಾ? ಅಪ್ಪನ್ನ ಹೊರಗೆ ಕೂರಿಸಿ?"

"ಮಗು ನಮ್ದೇ," ಅಂದ ಸೆಲೆಮಾನೆ, ಪಾಪ, ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಅದರಲ್ಲೇನ್ ತಪ್ಪು?"

ಡಾಕ್ಟರ್ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕೆಸರು ಮೆತ್ತಿದ ನನ್ನ ಪಾದವನ್ನು ತನ್ನ ಮಡಿಲಿಗೇ ಎತ್ತಿಕೊಂಡಳು. ನಾಚಿಕೆಯಿಂದ ಸಾಯುವಂತಾಯಿತು. ಒಂದೊಂದೇ ಬೆರಳು ಬಿಡಿಸಿ ನೋಡಿದಳು. ಮೂಗಿನ ಪಕ್ಕ ಬೆರಳಾಡಿಸಿದಳು. ಅಂಗಿ ತೆಗೆಸಿ ನೀಲಿ ದೀಪ ಹಿಡಿದಳು. ಸೊಂಟದ ಮೇಲೆ ಅಂಗೈಯಗಲ ಕಿತ್ತಳೆ ಸಿಪ್ಪೆಯಂಥ ಒರಟು ಚರ್ಮ ಸಿಕ್ಕಿತು.

"ಅದು ಹಗ್ಗ ಉಜ್ಜಿ ಆಗಿದ್ದು ಅನ್ಕೊಂಡಿದ್ದೆ," ಅಂದಳು ಅತಿಜಾ ತಗ್ಗಿದ ದನಿಯಲ್ಲಿ. ಅಣ್ಣನ ಎದುರು ಹೀಗೆ ಹೇಳಬೇಕಾಯಿತಲ್ಲ ಅಂತ ಅವಳ ಕತ್ತು ಬಗ್ಗಿತು.

"ನಿಮ್ಮಪ್ಪ ಇದ್ದಾರಾ?" ಡಾಕ್ಟರ್ ಕೇಳಿದಳು.

ಹೇಳಿದೆ. ರಕ್ತದ ವಿಷಯವನ್ನೂ ಹೇಳಿದೆ. ಅವಳು ನನ್ನ ಪಕ್ಕೆ ಒತ್ತಿ ನೋಡಿದಳು. "ನಿಮ್ಮ ಹೊಟ್ಟೇನೂ ಸ್ಕ್ಯಾನ್ ಮಾಡ್ಬೇಕು. ಮೂತ್ರಪಿಂಡದಲ್ಲೂ ಇಂಥಾ ಗಂಟು ಕೂತಿರುತ್ತೆ, ಒಡೆದ್ರೆ ಅಪಾಯ. ಆದ್ರೆ ಮೊದ್ಲು ಮಗು."

ಕಪಾಟಿನ ಬೀಗ ತೆಗೆದು ಒಂದು ಡಬ್ಬಿ ತಂದಳು. ಪುಡಿ ನೀರಿಗೆ ಹಾಕಿ ಕಲಕಿದಳು. ಅಂಶಿಯಾಳ ತುಟಿಯೊಳಕ್ಕೆ ಹನಿ ಹನಿಯಾಗಿ ಬಿಟ್ಟಳು. "ಅದೇ ಕಾಯಿಲೆ," ಅಂದಳು. "ಈಗ ಅನುಮಾನವೇ ಇಲ್ಲ. ತಂದೆಯಿಂದ ಬಂದಿದೆ."

ಅಷ್ಟು ಸಾಕಾಯಿತು. ಸೆಲೆಮಾನೆ ಎದ್ದು ನಿಂತ. ಕೂಗಾಡಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ನಮ್ಮ ಕುಲ ಶುದ್ಧವಾಗಿದೆ ಅಂತ ನೀವೇ ನೋಡಿದ್ರಿ ಡಾಕ್ಟ್ರೇ. ರೋಗ ಇವನ್ದು." ನನ್ನ ಕಡೆ ತಿರುಗಿದ. "ಅಮಿಸ್ಸಿ, ನೀನ್ ಕೆಟ್ಟವನಲ್ಲ. ಹೇಳಿದ್ದು ಒಳ್ಳೇದೇ ಆಯ್ತು. ಆದ್ರೆ ಇನ್ ಸಾಕು. ಊರಿಗ್ ಹೋಗು, ಚಾಪೆ ತಗೊಂಡು ನಿಮ್ಮಮ್ಮನ ಮನೆ ಸೇರ್ಕೋ."

"ಇವ್ರನ್ನ ಓಡಿಸಿದ ಮಾತ್ರಕ್ಕೆ ಮಗು ವಾಸಿ ಆಗಲ್ಲ ರೀ," ಅಂದಳು ಡಾಕ್ಟರ್. "ಮಗುವಿನ ರಕ್ತದಲ್ಲಿ ಅರ್ಧ ತಾಯಿದು, ಅರ್ಧ ತಂದೇದು. ಎಲ್ಲಾ ಮಕ್ಕಳೂ ಹಾಗೇನೇ."

"ಅರ್ಧ?" ಅತ್ತೆ ಸಿಡಿದಳು. "ಹೊತ್ತವ್ಳು ನನ್ ಮಗಳು, ಹೆತ್ತವ್ಳು ನನ್ ಮಗಳು! ಇವ್ನು ಏನ್ ಮಾಡಿದ ಅಂತ ಅರ್ಧ ಕೊಡ್ತೀರಿ?"

ನಾನು ತಲೆ ತಗ್ಗಿಸಿ ಅಂಗಿ ಹಾಕಿಕೊಂಡೆ. ವಾದ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರು ಹೇಳುತ್ತಿದ್ದುದನ್ನೇ ನಾನೂ ಬೆಳಗಿನ ತನಕ ನಂಬಿದ್ದೆ. ಬಾಗಿಲ ತನಕ ಹೋದೆ.

"ಅಣ್ಣಾ," ಅಂದಳು ಅತಿಜಾ.

ಅಣ್ಣನ ಎದುರು ಅವಳು ಎಂದೂ ಧ್ವನಿ ಎತ್ತಿದವಳಲ್ಲ. ಈಗಲೂ ಎತ್ತಲಿಲ್ಲ. ತೊಳೆದ ಮುಖದಲ್ಲಿ, ಲೇಪವಿಲ್ಲದೆ, ಮಗುವನ್ನು ಹೆಗಲಿಗೆ ಒರಗಿಸಿಕೊಂಡು ಕೂತಿದ್ದಳು.

"ರೋಗ ಇವ್ರದು ಅಂದ್ರೆ ಮಗೂನೂ ಇವ್ರದು ತಾನೇ? ರೋಗ ಮಾತ್ರ ಇವ್ರದು, ಮಗು ಮಾತ್ರ ನಮ್ದು ಅಂದ್ರೆ ಹೇಗಣ್ಣಾ? ಒಂದ್ ಮಾತ್ ಹೇಳು. ಇವಳಿಗೆ ಇವ್ರಿಂದ ಏನೂ ಬಂದಿಲ್ಲ ಅಂತಾದ್ರೆ ಆ ಔಷಧಿ ವಾಪಸ್ ಕೊಟ್ಬಿಡು."

ಸೆಲೆಮಾನೆ ಅತ್ತೆಯ ಕಡೆ ನೋಡಿದ. ಅತ್ತೆ ಕಿಟಕಿಯ ಕಡೆ ನೋಡಿದಳು. ಡಾಕ್ಟರ್ ಸದ್ದಿಲ್ಲದೆ ಒಂದು ಸ್ಟೂಲು ಎಳೆದು ಮಂಚದ ಪಕ್ಕಕ್ಕಿಟ್ಟು, "ಅಪ್ಪ ಇಲ್ಲಿ ಕೂತ್ಕೊಳ್ಳಿ" ಅಂದಳು.

ಕೂತೆ. ಯಾರೂ ಏಳು ಅನ್ನಲಿಲ್ಲ, ಮಾತೂ ಆಡಿಸಲಿಲ್ಲ.

ಆ ದಿನಗಳನ್ನು ಹೇಗೆ ಹೇಳಲಿ. ಬೆಳಕು ಹರಿಯುವ ಹೊತ್ತಿಗೆ ನಾವು ನಾಲ್ವರೂ ಮಂಚದ ಸುತ್ತ ಕೂತಿರುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ. ಅಂಶಿಯಾ ಕಣ್ಣು ಬಿಟ್ಟರೆ ಸಾಕು, ನಾವೆಲ್ಲಾ ಅವಳ ಕೈಗಳನ್ನೇ ನೋಡುತ್ತಿದ್ದೆವು. ಮೊದಲ ಬೆಳಿಗ್ಗೆ ಹಾಗೇ ಬಾಗಿದಳು. ಮರುದಿನವೂ ಬಾಗಿದಳು. "ತಪ್ಪು ಔಷಧಿ ಕೊಟ್ಟಿದಾಳೆ ಆ ದಕ್ಷಿಣದವ್ಳು" ಅಂತ ಅತ್ತೆ ಹಲ್ಲು ಕಡಿದಳು. ನನಗೆ ಅವಳ ಮೇಲೆ ಕೋಪ ಬರಲಿಲ್ಲ. ತಪ್ಪಾಗಿದ್ದರೆ ಅದು ನನ್ನ ಕಾಲ್ಬೆರಳಿನಿಂದಲೇ ತಪ್ಪಾದದ್ದು, ಮಗಳ ಕಣ್ಣೂ ಹೋಗುತ್ತದೆ, ಬುದ್ಧಿಯೂ ಹೋಗುತ್ತದೆ ಅಂತ ನನ್ನೊಳಗೇ ಕೊರೆಯುತ್ತಿತ್ತು. ನಡುವೆ ನನ್ನ ಹೊಟ್ಟೆಯ ಸ್ಕ್ಯಾನ್ ಆಯಿತು. ಎರಡೂ ಮೂತ್ರಪಿಂಡದಲ್ಲಿ ಗಂಟುಗಳಿವೆ, ಭಾರ ಎತ್ತಬೇಡ, ಆಗಾಗ ಬಂದು ತೋರಿಸು ಅಂದರು. ಕೇಳಿಸಿಕೊಂಡು ಬಂದು ಮತ್ತೆ ಅದೇ ಸ್ಟೂಲಿನ ಮೇಲೆ ಕೂತೆ.

ಆಮೇಲೆ ಬಾಗುವುದು ಕಡಿಮೆಯಾಯಿತು. ನಮಗೆ ಹಾಗೆ ಅನ್ನಿಸುತ್ತಿದೆಯೋ ನಿಜವಾಗಿ ಹೌದೋ ಅಂತ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಂಶಿಯಾ ಎದ್ದಳು. ಕಣ್ಣು ಬಿಟ್ಟಳು. ಅವಳು ಬಾಗಲಿಲ್ಲ. ಕಿಟಕಿಯಿಂದ ಬಿಸಿಲು ಬಂತು, ಹೊರಗೆ ಯಾರೋ ಬಕೆಟ್ಟಿಗೆ ನೀರು ತುಂಬಿಸಿದರು, ಅವಳು ಬಾಗಲಿಲ್ಲ. ಸೆಲೆಮಾನೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಮಗು ಒಂದೊಂದೇ ಮುಖ ನೋಡುತ್ತಾ ಬಂತು. ಬರೀ ಕಣ್ಣು ಹಾಯಿಸಿದ್ದಲ್ಲ, ನೋಡಿತು. ಅತಿಜಾಳನ್ನು ನೋಡಿತು, ಅತ್ತೆಯನ್ನು ನೋಡಿತು, ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿತು, ಈ ನಾತ ಯಾರದು ಅನ್ನುವ ಹಾಗೆ. ಆಮೇಲೆ ನಕ್ಕಿತು.

ಅತಿಜಾ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿದಳು. ಅತ್ತೆ ಮಾತ್ರ ಅಳಲಿಲ್ಲ. ಮಗುವಿನ ಮುಖ, ನನ್ನ ಮುಖ, ಮತ್ತೆ ಮಗುವಿನ ಮುಖ ನೋಡಿದಳು.

"ಹುಬ್ಬು ಗಂಟಿಕ್ಕಿದ್ದು ನೋಡ್ರೋ, ಥೇಟ್ ಇವನ ಹಾಗೇ," ಅಂದಳು. "ನನ್ ಕಣ್ಣಿಗೆ ಏನ್ ಬಡಿದಿತ್ತೋ ಇಷ್ಟ್ ದಿನ. ಮೂಗೂ ಇವನದೇ, ಹಾಳಾದ್ದು."

ಹಾಗಂದವಳೇ ಮಗುವನ್ನು ಎತ್ತಿ, ಮೊದಲ ಸಲ ತನ್ನ ಕೈಯಾರೆ, ನನ್ನ ಮಡಿಲಿಗೆ ಹಾಕಿದಳು. ನನಗೆ ಅಳು ತಡೆಯಲಾಗಲಿಲ್ಲ, ಎಲ್ಲರ ಎದುರಿಗೇ ಗೊಳೋ ಅಂತ ಅತ್ತುಬಿಟ್ಟೆ. ಅಂಶಿಯಾ ನನ್ನ ಮೂಗಿನ ಗುಳ್ಳೆಗಳನ್ನು ಹಿಡಿದು ಎಳೆಯುತ್ತಿದ್ದಳು.